ಜಿನೀವಾಕ್ಕೆ ಓಡಿಬಂದ ಬೂದು ಕಾರು

1961ರ ಮಾರ್ಚ್ 15. ಜಿನೀವಾದ ಓ-ವೀವ್ ಉದ್ಯಾನದ ರೆಸ್ಟೊರೆಂಟಿನಲ್ಲಿ ಯುರೋಪಿನ ಪತ್ರಕರ್ತರು ನೆರೆದಿದ್ದರು. ಜಾಗ್ವಾರ್ ಕಂಪನಿಯ ಯಜಮಾನ ಸರ್ ವಿಲಿಯಂ ಲಯನ್ಸ್ ಆ ಪತ್ರಕರ್ತರಿಗೆ ಹೊಸ ಕಾರು ತೋರಿಸಬೇಕಿತ್ತು. ಕಾರು ಮಾತ್ರ ಇನ್ನೂ ದಾರಿಯಲ್ಲಿತ್ತು. ಕಂಪನಿಯ ಬಾಬ್ ಬೆರಿ ಹಿಂದಿನ ರಾತ್ರಿ ಇಂಗ್ಲೆಂಡಿನ ಕವೆಂಟ್ರಿ ಬಿಟ್ಟು, ಕಡಲು ದಾಟಿ, ಫ್ರಾನ್ಸನ್ನು ಉದ್ದಕ್ಕೂ ಹಾದು ಅದನ್ನು ಓಡಿಸಿಕೊಂಡು ಬರುತ್ತಿದ್ದರು. ಕಾರ್ಯಕ್ರಮಕ್ಕೆ ಇನ್ನೇನು ಕೆಲವೇ ನಿಮಿಷ ಎನ್ನುವಾಗ ಬಂದು ಮುಟ್ಟಿದರು. ದಾರಿಯ ಕೊಳೆ ತೊಳೆದು, ಒರೆಸಿ, ಕಾರನ್ನು ಜನರ ಮುಂದೆ ನಿಲ್ಲಿಸಲಾಯಿತು.

ಅದೇ ಜಾಗ್ವಾರ್ ಇ-ಟೈಪ್. ಬಂದೂಕಿನ ಲೋಹದಂಥ ಬೂದು ಬಣ್ಣ, ನಂಬರ್ ಪ್ಲೇಟಿನ ಮೇಲೆ 9600 ಎಚ್‌ಪಿ. ಈ ಎಚ್‌ಪಿ ಅಶ್ವಶಕ್ತಿಯ ಲೆಕ್ಕವಲ್ಲ, ಕವೆಂಟ್ರಿಯ ನೋಂದಣಿ ಅಕ್ಷರ.

ನೋಡಿದವರೆಲ್ಲ ತಾವೂ ಕೂತು ಒಂದು ಸುತ್ತು ಹೋಗಿಬರಬೇಕೆಂದು ಮುಗಿಬಿದ್ದರು. ಒಂದು ಕಾರು ಸಾಲಲಿಲ್ಲ. ಕವೆಂಟ್ರಿಗೆ ಫೋನು ಹೋಯಿತು. ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಕೈಯಲ್ಲಿದ್ದ ಕೆಲಸ ಅಲ್ಲಿಗೇ ಬಿಟ್ಟು, ಹಸಿರು ಬಣ್ಣದ ತೆರೆದ ಮೈಯ ಇನ್ನೊಂದು ಇ-ಟೈಪ್, 77 ಆರ್‌ಡಬ್ಲ್ಯೂ ಹತ್ತಿ ರಾತ್ರಿಯಿಡೀ ಓಡಿಸಿದರು. ಸುಮಾರು ಸಾವಿರ ಕಿಲೋಮೀಟರ್ ದಾರಿ. ಬೆಳಗ್ಗೆ ಜಿನೀವಾದಲ್ಲಿ ಇಳಿದವರು ಅಂದೇ ಜನರನ್ನು ಕೂರಿಸಿಕೊಂಡು ಸುತ್ತು ಹೊಡೆಸಲು ನಿಂತರು. ಈ ಎರಡು ರಾತ್ರಿಗಳ ಓಟವೇ ಇ-ಟೈಪ್‌ಗೆ ಎಲ್ಲಕ್ಕಿಂತ ಒಳ್ಳೆಯ ಜಾಹೀರಾತಾಯಿತು ಎಂದು ನನಗೆ ಅನಿಸುತ್ತದೆ. ಲಾರಿಯ ಮೇಲೆ ಹೇರಿಕೊಂಡು ಬಂದ ಪ್ರದರ್ಶನದ ಗೊಂಬೆ ಅದಾಗಿರಲಿಲ್ಲ. ತನ್ನ ಗಾಲಿಗಳ ಮೇಲೆ ತಾನೇ ಓಡಿಬಂದಿತ್ತು.

ಆ ಮೈಕಟ್ಟು ರೂಪಿಸಿದವರು ಮಾಲ್ಕಂ ಸೇಯರ್. ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ಪಳಗಿ ಬಂದ ಎಂಜಿನಿಯರ್. ತಮ್ಮನ್ನು ಯಾರಾದರೂ ಸ್ಟೈಲಿಸ್ಟ್ ಎಂದು ಕರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಕಾಗದದ ಮೇಲೆ ಚಂದದ ಗೆರೆ ಎಳೆದು ತೋರಿಸುವ ಬದಲು ಅಂಕಿಗಳ ಉದ್ದುದ್ದ ಕೋಷ್ಟಕ ಬರೆದು, ಗಾಳಿಯನ್ನು ಸೀಳುವ ಬಾಗುಗಳನ್ನು ಲೆಕ್ಕ ಹಾಕಿ ತೆಗೆಯುತ್ತಿದ್ದರು. ಅದಕ್ಕೂ ಮೊದಲು ಅವರು ರೂಪಿಸಿದ್ದ ಡಿ-ಟೈಪ್ 1955ರಿಂದ ಸತತ ಮೂರು ವರ್ಷ ಲ ಮಾನ್ಸ್ 24 ಗಂಟೆಗಳ ರೇಸನ್ನು ಗೆದ್ದಿತ್ತು. ಆ ರೇಸ್ ಕಾರಿನ ವಿದ್ಯೆಯೇ ಬೀದಿಯ ಕಾರಿಗೆ ಇಳಿದು ಬಂತು. ನಡುವೆ ಚೌಕಟ್ಟೂ ಮೈಯೂ ಒಂದೇ ಆದ ಉಕ್ಕಿನ ಚಿಪ್ಪು, ಮುಂದೆ ಎಂಜಿನ್ ಹೊರಲು ಚೌಕ ಕೊಳವೆಗಳ ಹಂದರ, ಹಿಂದೆ ಎರಡೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್, ನಾಲ್ಕೂ ಕಡೆ ಡಿಸ್ಕ್ ಬ್ರೇಕ್. ಆರು ಸಿಲಿಂಡರ್, 3.8 ಲೀಟರ್‌ನ ಎಕ್ಸ್‌ಕೆ ಎಂಜಿನ್. ಯುದ್ಧಕಾಲದಲ್ಲಿ ಬಾಂಬ್ ಬಿದ್ದು ಬೆಂಕಿ ಹತ್ತೀತೆಂದು ಕಾರ್ಖಾನೆಗೆ ರಾತ್ರಿ ಕಾವಲು ಕೂರುತ್ತಿದ್ದಾಗ ಲಯನ್ಸ್ ಮತ್ತು ಅವರ ಎಂಜಿನಿಯರುಗಳು ಮಾತಾಡಿಕೊಂಡ ಎಂಜಿನ್ ಅದು. ಇಷ್ಟೆಲ್ಲ ಇದ್ದೂ ಬೆಲೆ ಅಂದಿನ ಆಸ್ಟನ್ ಮಾರ್ಟಿನ್‌ನ ಅರ್ಧದ ಹತ್ತಿರ.

ಆಟೊಕಾರ್ ಪತ್ರಿಕೆ ಇದೇ 9600 ಎಚ್‌ಪಿಯನ್ನು ಓಡಿಸಿ ಗಂಟೆಗೆ 150.4 ಮೈಲಿ, ಅಂದರೆ 242 ಕಿಲೋಮೀಟರ್ ವೇಗ ದಾಖಲಿಸಿತು. ಇಂಗ್ಲೆಂಡಿನ ಮೋಟಾರುದಾರಿಗಳಲ್ಲಿ ಆಗ ವೇಗಮಿತಿಯೇ ಇರಲಿಲ್ಲ. ಒಂದು ಮಾತು ಹೇಳಲೇಬೇಕು: ಪರೀಕ್ಷೆಗೆಂದು ಈ ಕಾರನ್ನು ಕಾರ್ಖಾನೆಯವರೇ ಚೆನ್ನಾಗಿ ಹದಗೊಳಿಸಿ, ರೇಸ್ ಟೈರು ತೊಡಿಸಿ ಕೊಟ್ಟಿದ್ದರು. ಅಂಗಡಿಯಲ್ಲಿ ಕೊಂಡವರ ಇ-ಟೈಪ್ ಆ ವೇಗ ಮುಟ್ಟುತ್ತಿರಲಿಲ್ಲ.

ಹೆಸರು ಮಾಡಿದ ಮೇಲೆ 9600 ಎಚ್‌ಪಿಯ ಗತಿ ಎಲ್ಲ ಹಳೆಯ ಕಾರಿನ ಗತಿಯೇ ಆಯಿತು. ಕಂಪನಿ ಮಾರಿತು, ಕೈಯಿಂದ ಕೈಗೆ ಹೋಯಿತು, ತುಕ್ಕು ಹಿಡಿಯಿತು. 1977ರಲ್ಲಿ ಜಾಗ್ವಾರ್ ಇತಿಹಾಸಕಾರ ಫಿಲಿಪ್ ಪೋರ್ಟರ್ ಅದನ್ನು ಕೊಂಡರು. ಕೊಂಡ ಮೇಲೂ ಅದು ಎರಡು ದಶಕ ಮೂಲೆಯಲ್ಲೇ ಕಾಯಿತು. ಮತ್ತೆ ರಸ್ತೆಗಿಳಿಯುವಷ್ಟರಲ್ಲಿ ಹೊಸ ಶತಮಾನ ಬಾಗಿಲಿಗೆ ಬಂದಿತ್ತು.

ನಾವು ಹಳೆಯ ಗುಡಿಯ ವಿಷಯದಲ್ಲಿ ಜೀರ್ಣೋದ್ಧಾರ ಎನ್ನುತ್ತೇವೆ. ಇದಕ್ಕೂ ಆ ಪದವೇ ಒಪ್ಪುತ್ತದೆ, ಅದರ ಜೊತೆಗಿನ ಆತಂಕವೂ. ಹೊಯ್ಸಳರ ಕಾಲದ ಗುಡಿಗೆ ಟೈಲ್ಸ್ ಹಾಕಿ ಬಣ್ಣ ಬಳಿದದ್ದನ್ನು ಕಂಡು ನೊಂದವರಿಗೆ ನಾನು ಹೇಳುವುದು ಅರ್ಥವಾದೀತು. ಇ-ಟೈಪ್‌ಗೆ ಇಂದು ಹೊಸ ಬಾನೆಟ್ ಸಿಗುತ್ತದೆ, ತಳದ ತಗಡು ಸಿಗುತ್ತದೆ, ಇಡೀ ಮೈಯೇ ಸಿಗುತ್ತದೆ. ಎಲ್ಲ ಬದಲಿಸಿ ನಂಬರ್ ಪ್ಲೇಟ್ ಮಾತ್ರ ಉಳಿಸಿಕೊಂಡರೆ ಜಿನೀವಾಕ್ಕೆ ಓಡಿಬಂದ ಕಾರು ಎಲ್ಲಿ ಉಳಿಯಿತು? 9600 ಎಚ್‌ಪಿ ಮಾದರಿ ಕಾರು, ಕೈಯಲ್ಲಿ ಬಡಿದು ಮಾಡಿದ್ದು. ಆಮೇಲೆ ಸಾಲಾಗಿ ತಯಾರಾದ ಕಾರುಗಳ ತಗಡು ಅದಕ್ಕೆ ಸರಿಯಾಗಿ ಕೂರಬೇಕೆಂದೇನಿಲ್ಲ.

ಈ ಕಾರಿನ ಶತ್ರು ತುಕ್ಕು. ಬಾಗಿಲ ಕೆಳಗಿನ ಹೊಸ್ತಿಲ ಭಾಗ ಟೊಳ್ಳು ಪೆಟ್ಟಿಗೆ. ಮೈಯ ಬಲವೆಲ್ಲ ಅಲ್ಲೇ ಇದೆ, ನೀರು ಸೇರುವುದೂ ಅಲ್ಲೇ. ಹೊರಗೆ ಬಣ್ಣ ಮಿನುಗುತ್ತಿದ್ದರೂ ಒಳಗೆ ಹಪ್ಪಳದಂತೆ ಪುಡಿಯಾಗಿರಬಹುದು. ಅದನ್ನು ಕತ್ತರಿಸುವ ಮುನ್ನ ಬಾಗಿಲ ಸಂದಿಗೆ ಅಡ್ಡಪಟ್ಟಿ ಕೊಟ್ಟು ಬಿಗಿಯಬೇಕು, ಇಲ್ಲದಿದ್ದರೆ ಇಡೀ ಮೈ ನಡುವಲ್ಲಿ ಜೋತುಬೀಳುತ್ತದೆ.

ಬೆಸುಗೆಯ ಗೆರೆಗಳನ್ನು ಮುಚ್ಚುವ ಕೆಲಸ ಇನ್ನೂ ನಾಜೂಕು. ನಮ್ಮ ಗ್ಯಾರೇಜುಗಳಲ್ಲಿ ಪುಟ್ಟಿ ಮೆತ್ತುವ ಕಡೆ ಕವೆಂಟ್ರಿಯವರು ಸೀಸ ತುಂಬುತ್ತಿದ್ದರು. ಸೀಸಕ್ಕೆ ತವರ ಬೆರೆಸಿದ ಕಡ್ಡಿಗೆ ಬೆಂಕಿ ಹಿಡಿದರೆ ಅದು ಮೊದಲು ಬೆಣ್ಣೆಯಷ್ಟು ಮೆತ್ತಗಾಗುತ್ತದೆ. ಇನ್ನೊಂದಿಷ್ಟು ಕಾವು ಹೆಚ್ಚಿದರೂ ನೀರಾಗಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಆ ಎರಡರ ನಡುವಿನ ಹದದಲ್ಲಿ ಕೊಬ್ಬು ಸವರಿದ ಮರದ ಪಟ್ಟಿಯಿಂದ ತೀಡಿ, ಆರಿದ ಮೇಲೆ ಅರದಿಂದ ಉಜ್ಜಿ, ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡುತ್ತಾರೆ. ಕಣ್ಣಿಗೆ ಕಾಣದ ಏರಿಳಿತ ಕೈಗೆ ಸಿಗುತ್ತದೆ. ಬಣ್ಣ ಬಳಿಯುವುದಕ್ಕೂ ಮೊದಲೇ ಬಾನೆಟ್, ಬಾಗಿಲು, ದೀಪ ಎಲ್ಲವನ್ನೂ ಒಮ್ಮೆ ಜೋಡಿಸಿ, ಸಂದುಗಳನ್ನು ಅಳೆದು, ಮತ್ತೆ ಬಿಚ್ಚುತ್ತಾರೆ.

1974ರಲ್ಲಿ ನಿಲ್ಲುವ ಹೊತ್ತಿಗೆ 72,000ಕ್ಕೂ ಹೆಚ್ಚು ಇ-ಟೈಪ್‌ಗಳು ತಯಾರಾಗಿದ್ದವು. ಒಂದು ಇ-ಟೈಪ್ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. 2008ರಿಂದ ಜಾಗ್ವಾರ್ ನಮ್ಮ ಟಾಟಾ ಮನೆಯದು. ಅರುವತ್ತು ತುಂಬಿದ ನೆನಪಿಗೆ ಕಂಪನಿ ಹಳೆಯ ಇ-ಟೈಪ್‌ಗಳನ್ನೇ ಆರಿಸಿ ಆರು ಜೋಡಿಗಳನ್ನು ಹೊಸದಾಗಿ ಕಟ್ಟಿತು: ಜೋಡಿಯಲ್ಲಿ ಒಂದು ಬೂದು, ಒಂದು ಹಸಿರು. ಬೆರಿ ಮತ್ತು ಡ್ಯೂಯಿಸ್ ಓಡಿಸಿಕೊಂಡು ಹೋದ ಕಾರುಗಳ ಗುರುತು.

ಮೊದಮೊದಲ ಕಾರುಗಳನ್ನು ಗುರುತಿಸಲು ಬಲ್ಲವರು ನೋಡುವುದು ಬಾನೆಟ್ಟಿನ ಎರಡು ಪಕ್ಕ. ಅಲ್ಲಿ ಹೊರಗಡೆಯೇ ಸಣ್ಣ ಬೀಗದ ತೂತುಗಳಿವೆ. ಸುಮಾರು 500 ಕಾರುಗಳಾದ ಮೇಲೆ ಕಂಪನಿ ಆ ಬೀಗವನ್ನು ಒಳಗೆ ಸರಿಸಿತು. ಹೊರಗಿನ ಬೀಗಕ್ಕೆ ಟಿ ಆಕಾರದ ಬೇರೆಯದೇ ಕೀಲಿ. ಕಾರನ್ನು ಸುತ್ತಿಬಂದು ಎರಡೂ ಕಡೆ ತಿರುಗಿಸಬೇಕು. ಆಮೇಲೆ ಗಾಜಿನ ಹಿಂದಿನ ದೀಪಗಳ ಸಮೇತ ಮೂತಿಯೆಲ್ಲ ಒಂದೇ ತುಂಡಾಗಿ ಮುಂದಕ್ಕೆ ವಾಲಿಕೊಳ್ಳುತ್ತದೆ. ಎಂಜಿನ್ನು, ಅದನ್ನು ಹೊತ್ತ ಕೊಳವೆಗಳ ಹಂದರ, ಪಕ್ಕದಲ್ಲಿ ಸಾಲಾಗಿ ಮೂರು ಕಾರ್ಬ್ಯುರೇಟರ್, ಎಲ್ಲ ಬೆಳಕಿಗೆ ಬರುತ್ತವೆ.