ಬೀಜಗುಣವೂ ಬಾಳಿನ ನಡೆಯೂ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ಹೆಣ್ಣು ಗಂಡು ನೋಡುವಾಗ ಈಗ ಈ ಗಾದೆಗೆ ಹೊಸದೊಂದು ಅರ್ಥವು ಕೂಡಿಕೊಂಡಿದೆ. “ಅವರ ಮನೆಯಲ್ಲಿ ಸಕ್ಕರೆ ಕಾಯಿಲೆ ಉಂಟಂತೆ, ಮಕ್ಕಳಿಗೆ ಬಾರದೆ ಇದ್ದೀತೇ?” ಎಂಬ ಒಂದು ಮಾತಿನಿಂದ ಒಳ್ಳೆಯ ಸಂಬಂಧವು ತಪ್ಪಿಹೋಗುವುದುಂಟು. ಇನ್ನು ಕೆಲವರು, “ನಮ್ಮ ವಂಶದ ಮೈಯೇ ಹೀಗೆ” ಎಂದು ಬೊಜ್ಜಿನ ಹೊಣೆಯನ್ನು ಹಿರಿಯರ ಮೇಲೆ ಹೊರಿಸಿ ನಿಶ್ಚಿಂತರಾಗುವರು. ಈ ಉಭಯರೂ ವಂಶಕ್ಕೆ ಸಲ್ಲದ ಅಧಿಕಾರವನ್ನು ಕೊಡುತ್ತಾರೆ. ಅದರ ಅಧಿಕಾರವೆಷ್ಟು, ನಮ್ಮ ಅಧಿಕಾರವೆಷ್ಟು ಎಂಬುದನ್ನು ವಾಚಕರು ಕೊಂಚ ವಿಚಾರಿಸಬೇಕು.

ಈ ವಿಚಾರವು ಹೊಸದಲ್ಲ. ಸುಶ್ರುತನು ಪ್ರಮೇಹವನ್ನು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡಾಗಿ ವಿಂಗಡಿಸಿದನು. ತಂದೆತಾಯಿಗಳ ಬೀಜದೋಷದಿಂದ ಬಂದ ಮೊದಲನೆಯದರಲ್ಲಿ ರೋಗಿಯು ಕೃಶನು. ತಪ್ಪು ಆಹಾರವಿಹಾರಗಳಿಂದ ಬಂದ ಎರಡನೆಯದರಲ್ಲಿ ಸ್ಥೂಲನು. ಚರಕಸಂಹಿತೆಯು ಅತಿಸ್ಥೌಲ್ಯದ ಕಾರಣಗಳನ್ನು ಎಣಿಸುವಾಗ ಅತಿಭೋಜನ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ರೆಗಳ ಜತೆಯಲ್ಲಿಯೇ ಬೀಜಸ್ವಭಾವವನ್ನೂ ಹೇಳುತ್ತದೆ. ಆ ಬೀಜವೇ ಇಂದಿನ ವಂಶವಾಹಿ ಎಂದು ಸಾಧಿಸಹೊರಡುವುದು ಸಲ್ಲದು. ಆದರೆ ಹುಟ್ಟು, ನಡೆ ಎರಡನ್ನೂ ಕೂಡಿಯೇ ನೋಡಬೇಕೆಂಬ ಅವರ ವಿವೇಕವು ಇಂದಿಗೂ ಹಳತಾಗಿಲ್ಲ.

ಇಂದಿನ ಶಾಸ್ತ್ರವು ಹೇಳುವುದೇನು? ಅಳಿಯಸಂತಾನದ ಕಟ್ಟಿದ್ದ ಮನೆಗಳಲ್ಲಿ ಆಸ್ತಿಯೂ ಬಳಿಯೂ ತಾಯಿಯ ಕಡೆಯಿಂದ ಇಳಿದು ಬರುತ್ತಿದ್ದವು. ವಂಶವಾಹಿಗಳಾದರೋ ಯಾವ ಕಟ್ಟಿನವರಿಗೂ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ. ಅವುಗಳಲ್ಲಿ ಮನುಷ್ಯ ಮನುಷ್ಯರಿಗೆ ಅಲ್ಪಸ್ವಲ್ಪ ಭೇದಗಳಿರುತ್ತವೆ. 2007ರಲ್ಲಿ ಎಫ್‌ಟಿಒ ಎಂಬ ವಂಶವಾಹಿಯ ಒಂದು ಭೇದಕ್ಕೂ ಮೈತೂಕಕ್ಕೂ ಸಂಬಂಧವಿರುವುದು ಕಂಡುಬಂದಿತು. ತಂದೆತಾಯಿ ಇಬ್ಬರಿಂದಲೂ ಆ ಭೇದವನ್ನು ಪಡೆದವರು, ಇಬ್ಬರಲ್ಲಿ ಯಾರಿಂದಲೂ ಅದನ್ನು ಪಡೆಯದವರಿಗಿಂತ ಸರಾಸರಿ 3 ಕಿಲೋಗ್ರಾಂ ಹೆಚ್ಚು ತೂಗುತ್ತಿದ್ದರು. 2006ರಲ್ಲಿ ಗೊತ್ತಾದ ಟಿಸಿಎಫ್7ಎಲ್2 ಎಂಬುದರ ಭೇದವು ಇನ್ಸುಲಿನ್ ಒಸರುವುದನ್ನು ಕುಂದಿಸಿ ಮಧುಮೇಹಕ್ಕೆ ದಾರಿಮಾಡುವುದು. ಭಾರತೀಯರಲ್ಲಿಯೂ ಇದು ಹೀಗೆಯೇ ಎಂದು ಮರುವರ್ಷ ಪುಣೆಯಲ್ಲಿ ನಡೆದ ಪರೀಕ್ಷೆಯಿಂದ ತಿಳಿಯಿತು. ಇಂತಹ ಭೇದಗಳು ನೂರಾರು ಇವೆ. ಒಂದೇ ವಂಶವಾಹಿಯ ದೋಷದಿಂದ ಬರುವ ಸ್ಥೌಲ್ಯವು ಅಪೂರ್ವ. ಸಾಧಾರಣವಾಗಿ ಒಂದೊಂದು ಭೇದವೂ ತಕ್ಕಡಿಗೆ ಒಂದು ಕಾಳನ್ನು ಮಾತ್ರ ಸೇರಿಸುತ್ತದೆ.

ಬೀಜವು ಎರಡು ತಲೆಮಾರಿನಲ್ಲಿ ಬದಲಾಗುವುದಿಲ್ಲ, ಬದಲಾದುದು ಬಾಳು. ಹಿಂದೆ ಗೊರಬು ಹೊದೆದು ನಟ್ಟಿ ನೆಟ್ಟವರೂ, ಅಕ್ಕಿಮುಡಿ ಹೊತ್ತವರೂ, ಕಡಲ ದಂಡೆಯಲ್ಲಿ ಕೈರಂಪಣಿ ಎಳೆದವರೂ ತಟ್ಟೆ ತುಂಬ ಕುಚ್ಚಲಕ್ಕಿಯ ಗಂಜಿಯನ್ನು ಉಂಡು ಅರಗಿಸಿಕೊಂಡರು. ಈಗ ನಾಟಿಗೆ ಯಂತ್ರ ಬಂದಿದೆ, ಕೂಗಳತೆಯ ದೂರಕ್ಕೂ ವಾಹನ ಬಂದಿದೆ. ಅನ್ನದ ರಾಶಿಯು ಇಳಿಯಲಿಲ್ಲ. ಅದರ ಮೇಲೆ ಬೇಕರಿಯ ತಿಂಡಿಯೂ ಸಿಹಿಪಾನೀಯವೂ ಸೇರಿದವು. ಹಿಂದೆ ಸುಮ್ಮನಿದ್ದ ಬೀಜಗುಣವು ಈಗ ಮೊಳೆಯುತ್ತಿದೆ.

ತೆಳ್ಳಗಿರುವವರು ತಮಗೆ ಭಯವಿಲ್ಲವೆಂದು ಭಾವಿಸಬಾರದು. ಡಾಕ್ಟರ್ ಚಿತ್ತರಂಜನ ಯಾಜ್ಞಿಕರು ಪುಣೆಯ ಕಡೆಯ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗ, ನಮ್ಮವು ತೂಕದಲ್ಲಿ ಕಡಿಮೆಯಾಗಿದ್ದರೂ ಕೊಬ್ಬಿನಲ್ಲಿ ಅಷ್ಟು ಕಡಿಮೆಯಾಗಿರಲಿಲ್ಲ, ಕುಂದಿದ್ದುದು ಮಾಂಸಖಂಡ. ಇದೆಲ್ಲವೂ ವಂಶವಾಹಿಯದೇ ಎನ್ನುವಂತಿಲ್ಲ. ಗರ್ಭದಲ್ಲಿ ದೊರೆತ ಪೋಷಣೆಯೂ ಕಾರಣ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1934ರಿಂದ ಕಾಪಾಡಿದ ಜನನದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸನ್ನು ಮುಟ್ಟಿದ ಸುಮಾರು 500 ಜನರನ್ನು ಪರೀಕ್ಷಿಸಿದ ಫಲವು 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಗಿಡ್ಡಾಗಿ ದುಂಡಗಿದ್ದವರಲ್ಲಿಯೂ, ಭಾರವಾದ ತಾಯಂದಿರ ಮಕ್ಕಳಲ್ಲಿಯೂ ಮಧುಮೇಹವು ಹೆಚ್ಚಾಗಿತ್ತು. ಹಾಗಾದರೆ ಗರ್ಭಿಣಿಯ ಊಟೋಪಚಾರವೂ ಮಗುವಿಗೆ ಬಿಡುವ ಆಸ್ತಿಯೇ ಸರಿ.

ಇನ್ನು ನಮ್ಮ ಅಧಿಕಾರದ ಮಾತು. 2011ರಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನು ಕೂಡಿಸಿ ನೋಡಿದಾಗ, ಮೈಮುರಿದು ಕೆಲಸಮಾಡುವವರಲ್ಲಿ ಎಫ್‌ಟಿಒ ಭೇದದಿಂದ ಬರುವ ಸ್ಥೌಲ್ಯದ ಭಯವು ಕಾಲುಭಾಗಕ್ಕಿಂತಲೂ ಹೆಚ್ಚು ತಗ್ಗಿತ್ತು. ಸಕ್ಕರೆಯ ಪ್ರಮಾಣವು ಏರಿದ್ದರೂ ಇನ್ನೂ ರೋಗಿಗಳಾಗದ ಭಾರತೀಯರಲ್ಲಿ, ಆಹಾರವನ್ನು ತಿದ್ದಿ ನಡಿಗೆಯನ್ನು ಹೆಚ್ಚಿಸಿದುದರಿಂದ ಮಧುಮೇಹಕ್ಕೆ ಬೀಳುವವರ ಪ್ರಮಾಣವು ಶೇಕಡಾ 28ರಷ್ಟು ಇಳಿದುದನ್ನು ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ 2006ರಲ್ಲಿ ತೋರಿಸಿಕೊಟ್ಟರು.

ಆದುದರಿಂದ ತಂದೆಗೋ ತಾಯಿಗೋ ಮಧುಮೇಹವಿದ್ದ ಮನೆಯಲ್ಲಿ ಅದನ್ನು ಮುಚ್ಚಿಡಲೂಬೇಡಿ, ಶಾಪವೆನ್ನಲೂಬೇಡಿ. ಮುಂಚಿತವಾಗಿ ಬಂದ ಎಚ್ಚರಿಕೆಯೆಂದು ತಿಳಿಯಿರಿ. ಸೊಂಟದ ಸುತ್ತಳತೆಯು ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ತೆಳ್ಳಗಿರುವವರೂ ಇದನ್ನು ಅಳೆದು ನೋಡತಕ್ಕದ್ದು. ಮೂವತ್ತು ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೋರಿಸಿಕೊಳ್ಳಲಿ. ಅನ್ನವನ್ನು ಒಂದು ಸೌಟು ತಗ್ಗಿಸಿ, ಬಸಳೆ, ಹರಿವೆ, ಹೆಸರುಕಾಳು, ಮೀನು ತಿನ್ನುವವರಾದರೆ ಮೀನಿನ ಸಾರು, ಇವುಗಳಿಗೆ ಎಡೆಮಾಡಬೇಕು. ಪಿತ್ರಾರ್ಜಿತವಾದ ಗದ್ದೆಯ ಮಣ್ಣನ್ನು ನಾವು ಆರಿಸಿಕೊಂಡವರಲ್ಲ; ಅದರಲ್ಲಿ ಕಳೆ ಕೀಳುವುದು ಮಾತ್ರ ನಮ್ಮ ಕೈಯಲ್ಲಿದೆ.