ಬೇಟೆಗಾರರ ಬೆನ್ನು ನೋಡಿ
ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ ‘ಹಂಟರ್ಸ್ ಇನ್ ದ ಸ್ನೋ’ ಚಿತ್ರ ಮೊದಲ ಸಲ ನೋಡಿದಾಗ ಕ್ರಿಸ್‌ಮಸ್ ಕಾರ್ಡ್ ಥರ ಅನ್ಸುತ್ತೆ. ಹಿಮ, ಬೆಟ್ಟ, ಹೆಪ್ಪುಗಟ್ಟಿದ ಕೊಳದ ಮೇಲೆ ಜಾರಾಡೋ ಜನ. ಈಗ ಎಡಗಡೆ ನೋಡಿ. ಮೂವರು ಬೇಟೆಗಾರರು ಬೆನ್ನು ಬಾಗಿಸಿ ಊರಿಗೆ ವಾಪಸ್ ಬರ್ತಿದ್ದಾರೆ, ನಾಯಿಗಳೂ ಸುಸ್ತಾಗಿವೆ. ಸಿಕ್ಕಿರೋದು ಒಂದೇ ಒಂದು ನರಿ! ಅದರಿಂದ ಯಾರ ಹೊಟ್ಟೆ ತುಂಬುತ್ತೆ? ಮರಗಳ ಸಾಲು ನಮ್ಮ ಕಣ್ಣನ್ನು ಇಳಿಜಾರಿನಲ್ಲಿ ಆಟದ ಕಡೆಗೆ ಎಳೆಯುತ್ತೆ. ಹಾಗಾಗಿ ಇವರ ಹಸಿವು ನಮಗೆ ತಡವಾಗಿ ಕಾಣುತ್ತೆ.

ಬ್ರೂಗೆಲ್ ಇದ್ದ ಬ್ರಸೆಲ್ಸ್ ಸುತ್ತ ಇಂಥ ಚೂಪಾದ ಬೆಟ್ಟಗಳೇ ಇಲ್ಲ. ಇಟಲಿ ಪ್ರವಾಸದಲ್ಲಿ ನೋಡಿದ ಆಲ್ಪ್ಸನ್ನು ತನ್ನ ನಾಡಿನ ಹಳ್ಳಿಯ ಹಿಂದೆ ತಂದು ನಿಲ್ಲಿಸಿದ್ದಾನೆ. ಆ ಬೆಟ್ಟಗಳ ಮುಂದೆ ಮನುಷ್ಯರು ಇನ್ನೂ ಚಿಕ್ಕದಾಗಿ ಕಾಣ್ತಾರೆ.

ಮೂಲ ಚಿತ್ರ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ನೆಟ್‌ನಲ್ಲಿ ತೆಗೆದು ಝೂಮ್ ಮಾಡಿ, ಮೊದಲು ಆ ನರಿಯನ್ನು ಹುಡುಕಿ.