ಕಣ್ಣಿಗೆ ಒಂದೇ ತೊಟ್ಟು ಸಾಕು

“ಡಾಕ್ಟ್ರೇ, ನೀವು ಬರೆದುಕೊಟ್ಟ ಕಣ್ಣಿನ ಔಷಧಿ ಒಂದು ಸೀಸೆ ಹನ್ನೊಂದು ದಿನಕ್ಕೇ ಮುಗಿದುಹೋಗುತ್ತೆ. ತಿಂಗಳಿಗೆ ಮೂರು ಸೀಸೆ ಪೆನ್ಷನ್‌ದಾರರಿಗೆ ಪೂರೈಸೀತೇ? ಅದಕ್ಕೇ ಬಿಟ್ಟುಬಿಟ್ಟೆ. ಮನೆಯಲ್ಲೇ ಇನ್ನೊಂದು ಔಷಧಿ ಇತ್ತು, ಅದನ್ನು ಹಾಕಿಕೊಳ್ತಾ ಇದ್ದೀನಿ. ನಿಮ್ಮ ಔಷಧಿಗಿಂತ ಅದೇ ವಾಸಿ!”

ಹೀಗೆಂದವರು ನಮ್ಮೂರಿನ ನಿವೃತ್ತ ಮೇಷ್ಟ್ರು. ವಯಸ್ಸು ಅರವತ್ತೆಂಟು. ಜೇಬಿನಿಂದ ಆ ಸೀಸೆಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಚೀಟಿ ಓದಿ ನೋಡಿದೆ. ಸೋಂಕುನಿವಾರಕದ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಬೆರೆಸಿದ ಔಷಧ! ಅವರ ಮನೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದಾಗ ಕೊಟ್ಟಿದ್ದುದು.

“ಎಷ್ಟು ದಿನದಿಂದ ಹಾಕಿಕೊಳ್ತಿದ್ದೀರಿ ಮೇಷ್ಟ್ರೇ?”

“ಮೂರು ತಿಂಗಳಾಯಿತು. ಅದು ಮುಗಿದ ಮೇಲೆ ಖಾಲಿ ಸೀಸೆ ತೋರಿಸಿದೆ, ಅಂಗಡಿಯವರು ಹೊಸದು ಕೊಟ್ಟರು.”

ಅಂದೇ ಅವರನ್ನು ನೇತ್ರತಜ್ಞರ ಬಳಿಗೆ ಕಳಿಸಿದೆ. ಎರಡೂ ಕಣ್ಣುಗಳ ಒಳಒತ್ತಡ ಏರಿತ್ತು. ಅದೃಷ್ಟಕ್ಕೆ ದೃಷ್ಟಿನರಕ್ಕೆ ಇನ್ನೂ ಪೆಟ್ಟು ಬಿದ್ದಿರಲಿಲ್ಲ. ಆ ಔಷಧ ನಿಲ್ಲಿಸಿದ ಕೆಲವು ವಾರಗಳಲ್ಲಿ ಒತ್ತಡ ಇಳಿಯಿತು. ಇನ್ನೂ ಆರು ತಿಂಗಳು ಹಾಗೆಯೇ ನಡೆದಿದ್ದರೆ ಗ್ಲಾಕೋಮಾ ಆಗಿ, ಹೋದ ದೃಷ್ಟಿ ಮರಳಿ ಬರದ ಸ್ಥಿತಿ ಒದಗುತ್ತಿತ್ತು.

ಇದರಲ್ಲಿ ನನ್ನ ತಪ್ಪೂ ಇದೆ. “ದಿನಕ್ಕೆ ನಾಲ್ಕು ಬಾರಿ” ಎಂದು ಚೀಟಿಯಲ್ಲಿ ಬರೆದೆನೇ ಹೊರತು ಹಾಕುವುದು ಹೇಗೆಂದು ತೋರಿಸಿರಲಿಲ್ಲ. ಆಮೇಲೆ ನನ್ನೆದುರಿಗೇ ಹಾಕಿಕೊಳ್ಳಿ ಎಂದೆ. ಮೊದಲ ತೊಟ್ಟು ಕೆನ್ನೆಗೆ ಬಿತ್ತು. ಎರಡನೆಯದು ರೆಪ್ಪೆಗೂದಲಿಗೆ. ಮೂರನೆಯದು ಕಣ್ಣಿಗೆ. ತಿಂಗಳ ಔಷಧ ಹನ್ನೊಂದು ದಿನಕ್ಕೆ ಮುಗಿಯುವುದರ ಗುಟ್ಟು ಅಲ್ಲೇ ಬಯಲಾಯಿತು.

ಕಣ್ಣೀರೆಂದರೆ ಬರೀ ನೀರಲ್ಲ

“ನನ್ನ ಕಣ್ಣಿನಲ್ಲಿ ಸದಾ ನೀರು ಸುರಿಯುತ್ತದೆ, ನೀವು ನೋಡಿದರೆ ಕಣ್ಣು ಒಣಗಿದೆ ಎನ್ನುತ್ತೀರಿ” ಎಂದು ಅನೇಕರು ಆಶ್ಚರ್ಯಪಡುತ್ತಾರೆ. ಕಣ್ಣಿನ ಮೇಲೆ ಸದಾ ಇರುವ ತೆಳುವಾದ ಕಣ್ಣೀರ ಪದರದಲ್ಲಿ ಮೂರು ಅಂಶಗಳಿವೆ. ಕಣ್ಣುಗುಡ್ಡೆಗೆ ಅಂಟಿಕೊಂಡಿರುವುದು ಲೋಳೆ, ಮಧ್ಯದ್ದು ನೀರು, ಎಲ್ಲಕ್ಕಿಂತ ಮೇಲಿನದು ಎಣ್ಣೆ. ಎಣ್ಣೆಯ ಪದರ ನೀರು ಆವಿಯಾಗದಂತೆ ತಡೆಯುತ್ತದೆ. ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಕಣ್ಣಿನ ಮೇಲ್ಮೈ ಅಲ್ಲಲ್ಲಿ ಒಣಗಿ ಉರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ. ಆ ಉರಿಗೆ ಪ್ರತಿಯಾಗಿ ಕಣ್ಣೀರ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆದರೆ ಅದು ಬರೀ ನೀರು. ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗಿಳಿಯುತ್ತದೆ. ಹಾಗಾಗಿ ನೀರು ಸುರಿಯುವ ಕಣ್ಣೂ ಒಣ ಕಣ್ಣಾಗಿರಬಹುದು.

ಇದಕ್ಕೆ ಬರೆದುಕೊಡುವ ತೊಟ್ಟು ಔಷಧಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕೃತಕ ಕಣ್ಣೀರು. ಕಾರ್ಬಾಕ್ಸಿ ಮಿಥೈಲ್ ಸೆಲ್ಯುಲೋಸ್, ಸೋಡಿಯಂ ಹೈಯಲುರೊನೇಟ್ ಮುಂತಾದವು ಈ ಗುಂಪಿನವು. ಇವು ಹಾಕಿದಷ್ಟು ಹೊತ್ತು ಕಣ್ಣನ್ನು ತೇವವಾಗಿಡುತ್ತವೆ. ಎರಡನೆಯದು ಸೈಕ್ಲೋಸ್ಪೋರಿನ್‌ನಂತಹ ಔಷಧ. ಇದು ಕಣ್ಣಿನ ಮೇಲ್ಮೈಯ ಉರಿಯೂತವನ್ನು ತಗ್ಗಿಸಿ, ಕಣ್ಣೀರು ತಾನಾಗಿ ಬರುವಂತೆ ಮಾಡುತ್ತದೆ. ಇದರ ಗುಣ ಕಾಣಲು ಕೆಲವು ತಿಂಗಳೇ ಬೇಕು. ಆದುದರಿಂದ ಉಳಿತಾಯದ ವಿಚಾರದಲ್ಲಿ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೃತಕ ಕಣ್ಣೀರನ್ನು ವೈದ್ಯರನ್ನು ಕೇಳಿ ಹೆಚ್ಚುಕಡಿಮೆ ಮಾಡಬಹುದು. ಸೈಕ್ಲೋಸ್ಪೋರಿನ್ ಅನ್ನು ಮಾತ್ರ ದಿನ ಬಿಟ್ಟು ದಿನ ಹಾಕಿ ಉಳಿಸಲು ಹೋದರೆ ಹಣವೂ ಹೋಗುತ್ತದೆ, ಗುಣವೂ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ

ಕೆಳರೆಪ್ಪೆಯ ಒಳಗಿನ ಪುಟ್ಟ ಚೀಲದಲ್ಲಿ ಹಿಡಿಯುವುದು ಹೆಚ್ಚೆಂದರೆ 30 ಮೈಕ್ರೋಲೀಟರ್ ದ್ರವ. ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರೋಲೀಟರ್ ಎನ್ನುತ್ತೇವೆ. ಸೀಸೆಯಿಂದ ಬೀಳುವ ಒಂದು ತೊಟ್ಟು ಸುಮಾರು 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಎಂದರೆ ಮೊದಲ ತೊಟ್ಟಿಗೇ ಕಣ್ಣು ತುಂಬಿ ಸ್ವಲ್ಪ ಹೊರಚೆಲ್ಲುತ್ತದೆ. ಬೆನ್ನಿಗೇ ಹಾಕುವ ಎರಡನೆಯ ತೊಟ್ಟು ಕೆನ್ನೆಯನ್ನು ತೋಯಿಸುವುದಲ್ಲದೆ ಮೊದಲನೆಯದನ್ನೂ ತೊಳೆದುಬಿಡುತ್ತದೆ. ಎರಡು ತೊಟ್ಟು ಹಾಕಿದರೆ ಎರಡರಷ್ಟು ಗುಣ ಎಂಬ ನಂಬಿಕೆ ತಪ್ಪು.

ಈಗ ಸೀಸೆಯ ಲೆಕ್ಕ. ಒಂದು ಮಿಲಿಲೀಟರಿಗೆ ಸುಮಾರು 20 ತೊಟ್ಟು ಎಂದಿಟ್ಟುಕೊಳ್ಳಿ. 10 ಮಿಲಿಲೀಟರ್ ಸೀಸೆಯಲ್ಲಿ 200 ತೊಟ್ಟು. ಎರಡು ಕಣ್ಣಿಗೆ ದಿನಕ್ಕೆ ನಾಲ್ಕು ಬಾರಿ ಒಂದೊಂದೇ ತೊಟ್ಟು ಎಂದರೆ ದಿನಕ್ಕೆ 8. ಸೀಸೆ 25 ದಿನ ಬರಬೇಕು. ಮೇಷ್ಟ್ರು ದಿನಕ್ಕೆ 18 ತೊಟ್ಟು ಖರ್ಚು ಮಾಡುತ್ತಿದ್ದರು! ನಿಮ್ಮ ಸೀಸೆಯೂ ಲೆಕ್ಕಕ್ಕಿಂತ ಬೇಗ ಮುಗಿಯುತ್ತಿದ್ದರೆ ಔಷಧವನ್ನು ದೂರಬೇಡಿ, ಹಾಕುವ ಕ್ರಮವನ್ನು ನೋಡಿಕೊಳ್ಳಿ.

ಹಾಕುವ ಕ್ರಮ

1. ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳಿ. ಅಲುಗಿಸಬೇಕೆಂದು ಚೀಟಿಯಲ್ಲಿದ್ದರೆ ಸೀಸೆಯನ್ನು ಮೆಲ್ಲಗೆ ಅಲುಗಿಸಿ.

2. ಕುರ್ಚಿಯಲ್ಲಿ ಕುಳಿತು ತಲೆಯನ್ನು ಹಿಂದಕ್ಕೆ ವಾಲಿಸಿ, ಇಲ್ಲವೇ ಮಲಗಿಕೊಳ್ಳಿ. ಕೈ ನಡುಗುವವರಿಗೆ ಮಲಗುವುದೇ ಒಳ್ಳೆಯದು.

3. ಒಂದು ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಕ್ಕೆಳೆಯಿರಿ. ಅಲ್ಲೊಂದು ಸಣ್ಣ ಬಟ್ಟಲಿನಂತಾಗುತ್ತದೆ. ತೊಟ್ಟು ಬೀಳಬೇಕಾದುದು ಅಲ್ಲಿಗೆ, ಕರಿಗುಡ್ಡೆಯ ಮೇಲಕ್ಕಲ್ಲ.

4. ಸೀಸೆ ಹಿಡಿದ ಕೈಯನ್ನು ಹಣೆಗೆ ಆನಿಸಿ. ಮೇಲಕ್ಕೆ ನೋಡುತ್ತಾ ಒಂದು ತೊಟ್ಟು ಬಿಡಿ. ಸೀಸೆಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು.

5. ಕಣ್ಣನ್ನು ಹಗುರವಾಗಿ ಮುಚ್ಚಿ. ಬಿಗಿಯಾಗಿ ಹಿಂಡಿದರೂ ಪಟಪಟನೆ ರೆಪ್ಪೆ ಬಡಿದರೂ ಔಷಧ ಹೊರಗೆ ಹೋಗುತ್ತದೆ. ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ. ಕಣ್ಣೀರು ಮೂಗಿಗೆ ಇಳಿಯುವ ನಾಳ ಅಲ್ಲಿದೆ. ಔಷಧ ಹಾಕಿದ ಮೇಲೆ ಗಂಟಲು ಕಹಿಯಾಗುವುದು ಈ ದಾರಿಯಿಂದಲೇ.

6. ಎರಡು ಬಗೆಯ ತೊಟ್ಟು ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಿ. ಮುಲಾಮು ಇದ್ದರೆ ಅದು ಕೊನೆಗೆ.

ಕಣ್ಣು ತೆರೆದುಕೊಂಡಿರಲು ಆಗದವರು ಮಲಗಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಗೆ ಒಂದು ತೊಟ್ಟು ಬಿಟ್ಟು ಆಮೇಲೆ ನಿಧಾನವಾಗಿ ಕಣ್ಣು ತೆರೆಯಲಿ. ಔಷಧ ತಾನಾಗಿ ಒಳಗಿಳಿಯುತ್ತದೆ. ತೊಟ್ಟು ಬಿತ್ತೋ ಇಲ್ಲವೋ ತಿಳಿಯದ ವೃದ್ಧರಿಗೆ, ಚೀಟಿಯಲ್ಲಿ ಅಡ್ಡಿಯಿಲ್ಲವಾದರೆ, ಸೀಸೆಯನ್ನು ಫ್ರಿಜ್ಜಿನ ಬಾಗಿಲಿನಲ್ಲಿಟ್ಟು ಕೊಡಿ. ತಂಪು ತಾಗಿದರೆ ಬಿತ್ತೆಂದು ಗೊತ್ತಾಗುತ್ತದೆ. ಹಿಮಗಟ್ಟುವ ಭಾಗದಲ್ಲಿ ಮಾತ್ರ ಇಡಬೇಡಿ.

ಸೀಸೆಗೂ ಆಯುಸ್ಸಿದೆ

ಉಳಿಸಬೇಕು ಎಂದರೆ ಹಳೆಯದನ್ನು ಇಟ್ಟುಕೊಳ್ಳಬೇಕು ಎಂದಲ್ಲ. ಸೀಸೆ ತೆರೆದ ದಿನವನ್ನು ಅದರ ಮೇಲೆಯೇ ಬರೆದಿಡಿ. ಸಾಮಾನ್ಯವಾಗಿ ತೆರೆದ ನಾಲ್ಕು ವಾರಗಳ ಬಳಿಕ ಉಳಿದ ಔಷಧವನ್ನು ಚೆಲ್ಲಬೇಕು. ನಿಮ್ಮ ಸೀಸೆಯ ಚೀಟಿ ಬೇರೆ ಅವಧಿ ಹೇಳಿದ್ದರೆ ಅದನ್ನು ಪಾಲಿಸಿ. ಹೊರಗೆ ಅಚ್ಚಾಗಿರುವ ಮುಕ್ತಾಯದ ದಿನಾಂಕ ಮುಚ್ಚಿದ ಸೀಸೆಗೆ ಮಾತ್ರ.

ಕೃಮಿ ಬೆಳೆಯದಂತೆ ಅನೇಕ ಸೀಸೆಗಳಲ್ಲಿ ಸಂರಕ್ಷಕ ರಾಸಾಯನಿಕ ಬೆರೆಸಿರುತ್ತಾರೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಹಾಕುವವರಿಗೆ ಅದೇ ಕಣ್ಣನ್ನು ಕೆರಳಿಸಬಹುದು. ಅಂಥವರಿಗೆ ಸಂರಕ್ಷಕವಿಲ್ಲದ, ಒಮ್ಮೆ ಬಳಸಿ ಎಸೆಯುವ ಪುಟ್ಟ ಕೊಳವೆಗಳನ್ನು ಬರೆದುಕೊಡುತ್ತಾರೆ. ಬೆಲೆ ಹೆಚ್ಚೆಂದು ಕೆಲವರು ಒಂದು ಕೊಳವೆಯನ್ನು ಎರಡು ಮೂರು ದಿನ ಬಳಸುತ್ತಾರೆ. ಇದು ಬಲು ಅಪಾಯ. 2022-23ರಲ್ಲಿ ಅಮೆರಿಕದಲ್ಲಿ, ಭಾರತದಲ್ಲಿ ತಯಾರಾದ ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನ ಸೀಸೆಗಳಿಗೆ ಸಂಬಂಧಿಸಿದಂತೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿತು. 18 ರಾಜ್ಯಗಳ 81 ಮಂದಿಗೆ ಅದು ತಗುಲಿತು. 14 ಮಂದಿ ದೃಷ್ಟಿ ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ಸತ್ತರು. ಕಣ್ಣಿಗೆ ಹಾಕುವ ದ್ರವ ಕೃಮಿರಹಿತವಾಗಿರಬೇಕು ಎಂಬುದು ಎಷ್ಟು ದೊಡ್ಡ ಮಾತೆಂದು ಇದರಿಂದ ತಿಳಿಯುತ್ತದೆ.

ಇವು ಬೇಡವೇ ಬೇಡ

ಔಷಧ ಹೆಚ್ಚು ದಿನ ಬರಲೆಂದು ನೀರು ಬೆರೆಸಬೇಡಿ, ಕುದಿಸಿ ಆರಿಸಿದ ನೀರನ್ನೂ ಬೇಡ. ಒಂದೇ ಸೀಸೆಯನ್ನು ಮನೆಮಂದಿಯೆಲ್ಲಾ ಹಂಚಿಕೊಳ್ಳಬೇಡಿ. ಔಷಧ ಮುಗಿದ ದಿನಗಳಲ್ಲಿ ಪನ್ನೀರು, ಜೇನುತುಪ್ಪ, ಎದೆಹಾಲು, ನಂದಿಬಟ್ಟಲು ಹೂವಿನ ನೀರು ಎಂದು ಹಿರಿಯರು ಹೇಳುವುದುಂಟು. ಅವರ ಕಾಳಜಿ ದೊಡ್ಡದೇ, ಆದರೆ ಮನೆಯಲ್ಲಿ ಮಾಡಿದ ಯಾವ ದ್ರವವೂ ಕೃಮಿರಹಿತವಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಇನ್ನೊಬ್ಬರಿಗೆ ಬರೆದುಕೊಟ್ಟ ಔಷಧ ಹಾಕಿಕೊಳ್ಳಬೇಡಿ. ಸ್ಟಿರಾಯ್ಡ್ ಬೆರೆತ ತೊಟ್ಟು ಹಾಕಿದ ಕೂಡಲೇ ಕೆಂಪು ಇಳಿದು ಹಾಯೆನಿಸುತ್ತದೆ. ಅದೇ ಅದರ ಮೋಸ. ವೈದ್ಯರ ನಿಗಾ ಇಲ್ಲದೆ ವಾರಗಟ್ಟಲೆ ಬಳಸಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬೆಳೆಯಬಹುದು, ಅಡಗಿದ ಸೋಂಕು ಉಲ್ಬಣಿಸಬಹುದು. ಕಣ್ಣು ಬೆಳ್ಳಗಾಗಲೆಂದು ಹಾಕುವ ತೊಟ್ಟುಗಳೂ ಒಣ ಕಣ್ಣಿಗೆ ಮದ್ದಲ್ಲ. ಬಿಟ್ಟ ಮೇಲೆ ಕೆಂಪು ಇನ್ನಷ್ಟು ಹೆಚ್ಚುತ್ತದೆ.

ಔಷಧದ ಅಗತ್ಯವನ್ನೇ ತಗ್ಗಿಸಿ

ಸಾಮಾನ್ಯವಾಗಿ ನಾವು ನಿಮಿಷಕ್ಕೆ 15 ಬಾರಿಯಷ್ಟು ರೆಪ್ಪೆ ಬಡಿಯುತ್ತೇವೆ. ಮೊಬೈಲು, ಕಂಪ್ಯೂಟರು ನೋಡುವಾಗ ಇದು ಅರ್ಧಕ್ಕೂ ಇಳಿಯುತ್ತದೆ. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ ಗೋಡೆಯನ್ನೋ ಮರವನ್ನೋ ನೋಡಿ ಹತ್ತು ಬಾರಿ ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆಯಿರಿ. ಫ್ಯಾನಿನ ಗಾಳಿ, ಬಸ್ಸಿನ ಕಿಟಕಿಯ ಗಾಳಿ ಮುಖಕ್ಕೆ ನೇರವಾಗಿ ಹೊಡೆಯದಂತೆ ನೋಡಿಕೊಳ್ಳಿ. ಸ್ಕೂಟರು ಓಡಿಸುವಾಗ ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ. ಸೌದೆ ಒಲೆಯ ಹೊಗೆ, ಊದುಬತ್ತಿಯ ಹೊಗೆ, ಬೀಡಿ ಸಿಗರೇಟು ಇವೆಲ್ಲ ಒಣ ಕಣ್ಣಿಗೆ ವೈರಿಗಳು.

ರೆಪ್ಪೆಯ ಅಂಚಿನಲ್ಲಿ ಎಣ್ಣೆಯ ಗ್ರಂಥಿಗಳಿವೆ. ಅವು ಕಟ್ಟಿಕೊಂಡಿದ್ದರೆ ಶುಭ್ರವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಚರ್ಮಕ್ಕೆ ಹಿತವೆನಿಸುವಷ್ಟು ಬಿಸಿಯಲ್ಲಿ, ಮುಚ್ಚಿದ ಕಣ್ಣಿನ ಮೇಲೆ ಐದಾರು ನಿಮಿಷ ಇಡಿ. ಬಳಿಕ ರೆಪ್ಪೆಯನ್ನು ಅಂಚಿನ ಕಡೆಗೆ ಮೆಲ್ಲಗೆ ನೀವಿ. ಇದಕ್ಕೆ ಕಾಸು ಖರ್ಚಿಲ್ಲ, ಗುಣ ಮಾತ್ರ ಬಹಳ.

ಶೀತ, ಅಲರ್ಜಿಗೆಂದು ನುಂಗುವ ಸೆಟ್ರಿಜಿನ್, ಕೆಲವು ಮಾನಸಿಕ ತೊಂದರೆಗಳಿಗೆ ಕೊಡುವ ಮಾತ್ರೆಗಳು, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳು ಕಣ್ಣನ್ನು ಒಣಗಿಸಬಹುದು. ನೀವಾಗಿಯೇ ಅವನ್ನು ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಕಣ್ಣಿನ ಜೊತೆ ಬಾಯಿಯೂ ಒಣಗಿ, ಕೀಲುಗಳು ನೋಯುತ್ತಿದ್ದರೆ ಸಂಧಿವಾತದ ಪರೀಕ್ಷೆ ಬೇಕಾಗಬಹುದು.

ಮುಗಿಯುವ ಮುನ್ನವೇ

ಸೀಸೆ ಬರಿದಾದ ದಿನ ಅಂಗಡಿಗೆ ಓಡುವ ಬದಲು ಒಂದು ವಾರ ಉಳಿದಿರುವಾಗಲೇ ಹೊಸದನ್ನು ತನ್ನಿ. ದಿನಕ್ಕೆಷ್ಟು ತೊಟ್ಟು ಬೇಕೆಂದು ಲೆಕ್ಕ ಹೇಳಿ, ಅದಕ್ಕೆ ತಕ್ಕ ಅಳತೆಯ ಸೀಸೆ ಬರೆಯಲು ವೈದ್ಯರನ್ನು ಕೇಳಿ. ದಿನಕ್ಕೆ ಎರಡೇ ಬಾರಿ ಹಾಕುವವರಿಗೆ 10 ಮಿಲಿಲೀಟರಿನಲ್ಲಿ ಅರ್ಧ ಚೆಲ್ಲಬೇಕಾಗುತ್ತದೆ. ಬೆಲೆ ಭಾರವೆನಿಸಿದರೆ ನಾಚಿಕೆಯಿಲ್ಲದೆ ಹೇಳಿ. ಅದೇ ಔಷಧ ಕಡಿಮೆ ಬೆಲೆಯ ಜನರಿಕ್ ರೂಪದಲ್ಲಿ ಸಿಗುವುದುಂಟು. ಕೃತಕ ಕಣ್ಣೀರಿಗಾಗಿ ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಹಣದ ತೊಂದರೆಯನ್ನು ರೋಗಿ ಮುಚ್ಚಿಟ್ಟರೆ ವೈದ್ಯನಿಗೆ ತಿಳಿಯುವುದಾದರೂ ಹೇಗೆ?

ಆದರೆ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ ನೋಯತೊಡಗಿದರೆ, ಕೀವು ಬಂದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ, ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಕಂಡರೆ ಒಂದು ದಿನವೂ ಕಾಯಬೇಡಿ. ಬಳಸುತ್ತಿದ್ದ ಸೀಸೆಯನ್ನೂ ಜೊತೆಗೆ ಒಯ್ದು ನೇತ್ರತಜ್ಞರನ್ನು ಕಾಣಿ.

ಮೇಷ್ಟ್ರು ಈಗ ಮತ್ತೆ ಕೃತಕ ಕಣ್ಣೀರಿಗೇ ಮರಳಿದ್ದಾರೆ. ಮಧ್ಯಾಹ್ನ ಮಲಗಿಕೊಂಡು ಹಾಕಿಕೊಳ್ಳುತ್ತಾರೆ, ಉಳಿದ ಹೊತ್ತು ಅವರ ಮನೆಯವರು ಹಾಕುತ್ತಾರೆ. ಮೊನ್ನೆ ಬಂದಾಗ ಸೀಸೆ ತೋರಿಸಿದರು. ತೆರೆದ ದಿನಾಂಕವನ್ನು ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. “ಇಪ್ಪತ್ತನಾಲ್ಕನೇ ದಿನ ಡಾಕ್ಟ್ರೇ, ತಳದಲ್ಲಿ ಇನ್ನೂ ಸ್ವಲ್ಪ ಇದೆ” ಎಂದರು. ಇಂದು ನಿಮ್ಮ ಮನೆಯ ಬೀರು ತೆರೆದು ನೋಡಿ. ಯಾವಾಗಲೋ ತೆರೆದಿಟ್ಟ ಕಣ್ಣಿನ ಔಷಧದ ಸೀಸೆ ಸಿಕ್ಕರೆ, ಅದು ಯಾರದೇ ಇರಲಿ, ಮೊದಲು ಕಸಕ್ಕೆ ಹಾಕಿ.